ಪೆಟ್ಟಿಗೆಗೊಂದು ಕೊಸರು

ಶಿರಾದ ಸೂಪರ್‌ಮಾರ್ಕೆಟ್‌ನಲ್ಲಿ ನ್ಯೂಜಿಲೆಂಡಿನ ಸೇಬು ಮೈಗೆ ಚೀಟಿ ಅಂಟಿಸಿಕೊಂಡು ಎಸಿಯಲ್ಲಿ ಕೂತಿದ್ದನ್ನು ಕಂಡ ದಿನದಿಂದ ಬರಗೂರಿನ ರೇಣುಕಯ್ಯ ಒಂದೆಡೆ ಕೂತವನಲ್ಲ. ಅದು ಅಷ್ಟು ದೂರದಿಂದ ಇಲ್ಲಿಗೆ ಬರುವುದಾದರೆ ತನ್ನ ದಾಳಿಂಬೆಗೇನು ಕಾಲಿಲ್ಲವೇ ಎಂಬುದು ಅವನ ವಾದ. ಆ ಹುರುಪಿನಲ್ಲಿ ಮಂಡಿಯವನಿಗೆ, ಇನ್ನು ನಿನ್ನ ಹಂಗಿಲ್ಲ ಎಂದು ನಾಲ್ಕು ಜನರೆದುರು ಹೇಳಿಯೂ ಬಂದಿದ್ದ. ಹಾಗಾಗಿ ಈ ಮೊದಲ ಲೋಡು ದುಬೈಗೆ ಹೋಗಲೇಬೇಕಿತ್ತು. ಹೋಗದಿದ್ದರೆ ಹಣ್ಣು ಹೊತ್ತುಕೊಂಡು ಅದೇ ಮಂಡಿಯ ಬಾಗಿಲಿಗೆ.

ತೋಟದ ಮುಂದೆ ತಂಪುಲಾರಿ ಗುರುಗುಡುತ್ತಿತ್ತು. ರಫ್ತು ಕಂಪನಿಯಿಂದ ಪರೀಕ್ಷೆಗೆ ಬಂದಿದ್ದ ಬಿಂದುಶ್ರೀ ಒಂದು ಪೆಟ್ಟಿಗೆಯ ಮುಚ್ಚಳ ಒತ್ತಿದಳು. ಕೂರಲಿಲ್ಲ. ಇನ್ನೊಂದೂ ಉಬ್ಬಿತ್ತು. ನಾಲ್ಕಾರು ತೆರೆದು ನೋಡಿದಳು.

"ಯಜಮಾನ್ರೇ, ಎಲ್ಲದ್ರಲ್ಲೂ ಒಂದೊಂದು ಹಣ್ಣು ಜಾಸ್ತಿ ಇದೆಯಲ್ಲ?"

ರೇಣುಕಯ್ಯ ಹೆಂಡತಿಯನ್ನು ನೋಡಿದ. ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಕೊಸ್ರು ಕಣಮ್ಮ. ಮೊದಲ್ನೇ ಯಾಪಾರ. ಗೀರು ಎಳ್ದಂಗೆ ಕೊಟ್ರೆ ಎಂಥಾ ಮನೆಯೋರು ಅಂದ್ಕೊಂಡಾರು ಅವ್ರು?"

"ಅವ್ರು ಏನೂ ಅಂದ್ಕೊಳಲ್ಲಮ್ಮ. ಕಾಗದದಲ್ಲಿರೋ ತೂಕಕ್ಕಿಂತ ಜಾಸ್ತಿ ಕಂಡ್ರೆ ಲೋಡು ವಾಪಸ್ ಕಳಿಸ್ತಾರೆ. ಒತ್ತಡಕ್ಕೆ ಹಣ್ಣಿನ ತಲೆಮೇಲಿನ ಮುಡಿ ಬೇರೆ ಮುರಿಯುತ್ತೆ. ಮಧ್ಯಾಹ್ನದೊಳಗೆ ತೆಗೆದ್ರೆ ಹೋಗುತ್ತೆ. ಇಲ್ದಿದ್ರೆ ಎಲ್ಲಾ ಇಲ್ಲೇ ಬಿಟ್ಟು ಹೋಗ್ತೀನಿ."

"ತೆಗಿಯೇ ಲೇ," ಎಂದ ರೇಣುಕಯ್ಯ.

"ಕೊಸ್ರು ಹಾಕಿದ್ ಕೈ ವಾಪಸ್ ತೆಗಿಯಲ್ಲ. ನೀವೇ ತೆಗೀರಿ."

"ಮಂಡಿಯೋನ್ಗೆ ಹೆಂಗೆ ಮುಖ ತೋರ್ಸ್ಲಿ?"

"ಅವ್ನೂ ನಮ್ ಕೊಸ್ರು ತಿಂದೋನೇ. ಬೈಯಲ್ಲ, ಬುಡಿ."

ರೇಣುಕಯ್ಯ ಒಂದು ಪೆಟ್ಟಿಗೆಯಿಂದ ಹಣ್ಣು ತೆಗೆದ. ಎರಡನೆಯದಕ್ಕೆ ಕೈಹಾಕಿ ನಿಂತ. ಜಗತ್ತಿಗೆ ಹಣ್ಣು ಮಾರಲು ಹೊರಟವನು, ಯಾರದೋ ಮಡಿಲಿಂದ ಕದಿಯುವವನಂತೆ ಅತ್ತಿತ್ತ ನೋಡಿದ. ಮೊದಲು ತೆಗೆದಿದ್ದನ್ನೂ ಮತ್ತೆ ಒಳಗಿಟ್ಟ. ಲಾರಿಯವನು ಹಾರ್ನ್ ಹೊಡೆದ. ತೆಗೆದ. ಮತ್ತೆ ಇಟ್ಟ.

ಬಿಂದುಶ್ರೀ ಗಡಿಯಾರ ನೋಡಿದಳು, ಗಂಡಹೆಂಡಿರನ್ನು ನೋಡಿದಳು. ಆಮೇಲೆ ಕುತ್ತಿಗೆಯಲ್ಲಿದ್ದ ದುಪಟ್ಟಾ ತೆಗೆದು ಮಡಿಲಿನಂತೆ ಹಿಡಿದಳು.

"ಅಮ್ಮ, ತಗೊಳ್ಳೋರ ಕಡೆಯೋಳು ನಾನೇ ಅಲ್ವಾ? ಅವ್ರ ಕೊಸರು ನನ್ಗೇ ಕೊಟ್ಬಿಡಿ."

ಕರಿಬಸಮ್ಮ ಕ್ಷಣಹೊತ್ತು ಯೋಚಿಸಿದಳು. ಕೊಸರು ತೆಗೆದಂತಾಗುವುದಿಲ್ಲ, ಸೇರಬೇಕಾದವರಿಗೆ ಸೇರಿದಂತಾಗುತ್ತದೆ.

"ಅಂಗನ್ನು ಮತ್ತೆ," ಎಂದು ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಂಡನಿಗೆ ಒಂದರಲ್ಲೂ ಆಗದ್ದು ಅವಳ ಕೈಯಲ್ಲಿ ಸರಸರ ನಡೆಯಿತು. ದುಪಟ್ಟಾ ತುಂಬಿತು, ಆಮೇಲೆ ಬುಟ್ಟಿ, ಕೊನೆಗೆ ಬಿಂದುಶ್ರೀಯ ಕಾರಿನ ಹಿಂದಿನ ಸೀಟು. ಮುಚ್ಚಳಗಳೆಲ್ಲ ತೆಪ್ಪಗೆ ಕೂತವು.

ಲಾರಿ ಹೊರಟಿತು. ಹಿಂದೆಯೇ ಕಾರು, ಹಣ್ಣಿನ ಭಾರಕ್ಕೆ ಹಳ್ಳ ತಪ್ಪಿಸಿಕೊಂಡು ನಿಧಾನವಾಗಿ. ರೇಣುಕಯ್ಯ ರಸ್ತೆಯವರೆಗೂ ಹೋಗಿ ನಿಂತ.

"ಆ ಸೇಬಿನೋರು ಏನಾದ್ರೂ ಕೊಸ್ರು ಕೊಟ್ರಾ ನಿಮ್ಗೆ?" ಎಂದಳು ಕರಿಬಸಮ್ಮ ಹಿಂದಿನಿಂದ.

"ಇಲ್ಲ. ಚೀಟಿ ಅಂಟ್ಸಿದ್ರು."

ಧೂಳು ಇಳಿಯಿತು. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅವನ ಕೈ ಗಾಳಿಯಲ್ಲೇ ಒಮ್ಮೆ ಒತ್ತಿ ನೋಡಿತು.