ಓದಲು ಬಾರದ ಕಾಗದಕ್ಕೆ ತಲೆಯಾಡಿಸಿದ ಮುನಿವೆಂಕಟಪ್ಪ

“ಇವತ್ತು ಬಿಟ್ರೆ ನಾಳೆ ಈ ಮನೆ ನಿನ್ ಕೈಗೆ ಸಿಗಾಕಿಲ್ಲ ಕಣಣ್ಣ. ಫ್ಯಾಕ್ಟ್ರಿ ಎಸ್ಟೇಟು ಇಲ್ಲೀಗಂಟ ಬತ್ತೈತೆ. ಆಮ್ಯಾಕೆ ನಿನ್ ದನದ ಕೊಟ್ಟಿಗೇನೂ ಬಾಡಿಗೆಗೆ ಕೇಳ್ತಾರೆ, ನೋಡ್ತಿರು!”

ಹೀಗೆಂದು ಮನೆ ದಲ್ಲಾಳಿ ಗುಂಡಣ್ಣ ಕರಾರು ಕಾಗದವನ್ನು ಮುನಿವೆಂಕಟಪ್ಪನ ಕೈಗಿಟ್ಟ. ಅದು ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿ. ತಮಿಳುನಾಡಿನ ಗಡಿಯ ಹೊಸೂರಿಗೆ ಅಂಟಿಕೊಂಡ ಒಂದು ಹಳ್ಳಿ. ಮನೆ ಮಾರುವವನು ಬರಲೆಂದು ಇಬ್ಬರೂ ಗ್ರಾಮಾಧಿಕಾರಿಯ ಕಚೇರಿ ಜಗಲಿಯ ಮೇಲೆ, ಗೋಡೆಗೆ ಒರಗಿ ಕೂತಿದ್ದರು.

ಕಾಗದ ತಮಿಳಿನಲ್ಲಿತ್ತು. ಮುನಿವೆಂಕಟಪ್ಪನಿಗೆ ತಮಿಳು ಮಾತು ನೀರು ಕುಡಿದಷ್ಟು ಸಲೀಸು, ತೆಲುಗೂ ಅಷ್ಟೇ. ಅಕ್ಷರ ಮಾತ್ರ ಕನ್ನಡದ್ದೊಂದೇ, ಅದೂ ಗುಮ್ಮಳಾಪುರದ ಶಾಲೆಯ ಐದನೇ ತರಗತಿಯವರೆಗೆ. ಆದರೆ ಊರಲ್ಲಿ ನಾಲ್ಕು ಜನಕ್ಕೆ ಕನ್ನಡ ಪೇಪರು ಓದಿ ಹೇಳುವವನು ಅವನೇ. ಮೇಲೆ ಫ್ಯಾಕ್ಟರಿ ಕೆಲಸ ಬೇರೆ. ಅಂಥವನು ದಲ್ಲಾಳಿಯ ಮುಂದೆ “ನಂಗೆ ಓದಾಕೆ ಬರಾಕಿಲ್ಲ” ಅನ್ನುವುದು ಹೇಗೆ? ಕಾಗದದ ಮೇಲಿಂದ ಕೆಳಗೆ ಕಣ್ಣಾಡಿಸಿದ. ಮಧ್ಯದಲ್ಲೊಂದು ಕಡೆ ನಿಲ್ಲಿಸಿ ಹುಬ್ಬು ಗಂಟಿಕ್ಕಿದ. ಓದುವವರು ಹಾಗೆ ಮಾಡುವುದನ್ನು ನೋಡಿದ್ದ.

“ಸರಿಯಾಗೈತೆ,” ಎಂದು ತಲೆಯಾಡಿಸಿದ. ಮನೆ ಮಾರುವವನು ಅಂದು ಬರಲಿಲ್ಲ; ಹಣ ತಂದ ಮೇಲೆ ರುಜು ಎಂದಾಗಿ, ಕಾಗದ ಅವನ ಕೈಯಲ್ಲೇ ಉಳಿಯಿತು.

ಮನೆಗೆ ಬಂದರೆ ಹೆಂಡತಿ ಮುನಿರತ್ನಮ್ಮ ಮುದ್ದೆ ಬಡಿಸುತ್ತಾ ಕೇಳಿದಳು: “ಕಾಗ್ದದಾಗೆ ಏನ್ ಬರ್ದವ್ರೆ?”

“ಎಲ್ಲಾ ಸುದ್ದವಾಗೈತೆ ಕಣಮ್ಮಿ. ನಾನೇ ಓದ್ದೆ.”

“ಅಲ್ಲೇ ಪಕ್ಕದಾಗೆ ಗೌರ್ಮೆಂಟೋರು ಚೈನು ಹಿಡ್ಕೊಂಡು ನೆಲ ಅಳೀತಾವ್ರಂತೆ. ನಾಳೆ ನಮ್ ಮನೆ ಮೇಲೇ ಬಂದ್ರೆ?”

“ಓದ್ದೋನು ನಾನಾ, ನೀನಾ?”

ಮುನಿರತ್ನಮ್ಮ ಇನ್ನೊಂದು ಸೌಟು ಸಾರು ಹಾಕಿದಳು. ಅವಳ ಭಯಕ್ಕೆ ಕಾರಣವಿತ್ತು. ಆ ಮನೆ ಕೊಳ್ಳಲು ಮಾರಬೇಕಾಗಿದ್ದದ್ದು ರಾಯಕೋಟೆಯ ಅವಳ ಹೊಲ, ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಶುಕ್ರವಾರ ಅದರ ಕ್ರಯಪತ್ರ ಆಗಬೇಕಿತ್ತು. ಮುನಿವೆಂಕಟಪ್ಪ ಮುದ್ದೆ ಮುರಿದ.

ಬುಧವಾರ ಮುನಿರತ್ನಮ್ಮ ಬುಟ್ಟಿಯಲ್ಲಿ ಅವರೆಕಾಯಿ ತುಂಬಿಕೊಂಡು, ಗಂಡನನ್ನೂ ಹೊರಡಿಸಿಕೊಂಡು ಹೊಸೂರಿಗೆ ಬಂದಳು. ಅಲ್ಲಿ ಶಾಂತಾಬಾಯಿ ಟೀಚರ ಮನೆಗೆ ಕಾಯಿಪಲ್ಲೆ ಕೊಡುವುದು ಅವಳ ಹಳೆಯ ವಾಡಿಕೆ. ಟೀಚರಿಗೆ ಕನ್ನಡವೂ ಬರುತ್ತದೆ, ತಮಿಳೂ ಬರುತ್ತದೆ.

“ಮನೆ ಕೊಳ್ತಿದೀರಂತೆ, ಸಂತೋಷ,” ಎಂದರು ಶಾಂತಾಬಾಯಿ. “ಎಸ್ಟೇಟಿಗೆ ಇನ್ನೂ ಜಾಗ ತಗೋತಾರೆ ಅಂತ ಸುದ್ದಿ. ಸರ್ವೆ ನಂಬರ್ ಎಷ್ಟು ಮುನಿವೆಂಕಟಪ್ಪನೋರೆ? ನಿಮ್ಮ ಕೈಲೇ ಇದೆಯಲ್ಲ, ನೋಡಿ ಹೇಳಿ.”

ಕಾಗದದಲ್ಲಿ ಅಂಕಿಗಳೇನೋ ಕಾಣುತ್ತಿದ್ದವು. ಯಾವುದು ಯಾತರದ್ದು? ಎಲ್ಲಕ್ಕಿಂತ ಮೇಲಿದ್ದ ಉದ್ದನೆಯ ಅಂಕಿಯನ್ನು ಬಾಯಿಬಿಟ್ಟು ಓದಿದ.

ಶಾಂತಾಬಾಯಿ ಬಗ್ಗಿ ನೋಡಿದರು. “ಅದು ಛಾಪಾ ಕಾಗದದ ನಂಬರು...” ಎಂದವರು ಅಲ್ಲಿಗೇ ನಿಲ್ಲಿಸಿದರು.

ಮುನಿರತ್ನಮ್ಮ ಥಟ್ಟನೆ ಅಂದಳು: “ಅವ್ರು ಕನ್ನಡ್ಕ ಊರಾಗೇ ಬಿಟ್ಟು ಬಂದವ್ರೆ ಟೀಚರಮ್ಮ.”

ಮುನಿವೆಂಕಟಪ್ಪ ಹುಟ್ಟಿದಾಗಿನಿಂದ ಕನ್ನಡಕ ಹಾಕಿದವನಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನ ಮಾನ ಕಾಯಲು ಆಡಿದ ಆ ಸುಳ್ಳು ಅವನ ಕಿವಿಗೆ ಕೆಂಡದಂತೆ ಬಿತ್ತು. ಕಾಗದವನ್ನು ಮಡಚತೊಡಗಿದ.

ಶಾಂತಾಬಾಯಿ ಅದನ್ನು ಮೆಲ್ಲಗೆ ತೆಗೆದುಕೊಂಡು ಗಟ್ಟಿಯಾಗಿ ಓದಿ, ಸಾಲುಸಾಲಿಗೂ ಕನ್ನಡದಲ್ಲಿ ಹೇಳಿದರು. “ಕಾಗದ ಚೆನ್ನಾಗಿದ್ದರೆ ಸಾಲದು. ಆಸ್ತಿ ಯಾರ ಹೆಸರಲ್ಲಿದೆ, ಎಲ್ಲಾದ್ರೂ ಅಡವಿಟ್ಟಿದಾರಾ ಅಂತ ರಿಜಿಸ್ಟ್ರಾರ್ ಕಚೇರೀಲಿ ವಿಲ್ಲಂಗ, ಅಂದ್ರೆ ಋಣಭಾರದ ಸರ್ಟಿಫಿಕೇಟ್ ತೆಗೆಸಬೇಕು. ಜಾಗ ಸರ್ಕಾರದ ಯೋಜನೆಗೆ ಸೇರಿದೆಯಾ ಅಂತ ಗ್ರಾಮಾಧಿಕಾರಿ ಹತ್ರ, ತಾಲ್ಲೂಕು ಕಚೇರೀಲಿ ಕೇಳಬೇಕು. ನಡೀರಿ, ನಾನೂ ಬರ್ತೀನಿ.”

ಮೂವರೂ ಹೋದರು. ಗ್ರಾಮಾಧಿಕಾರಿಯ ಕಚೇರಿಯ ಗೋಡೆಯ ಮೇಲೆ ಅಂಟಿಸಿದ ನೋಟೀಸಿತ್ತು. ಕಾರ್ಖಾನೆಗಳಿಗೆಂದು ಸರ್ಕಾರ ವಶಪಡಿಸಿಕೊಳ್ಳಲಿರುವ ಸರ್ವೆ ನಂಬರುಗಳ ಪಟ್ಟಿ. ಮೂರನೇ ಸಾಲಿನಲ್ಲೇ ಆ ಮನೆಯ ನಂಬರು. ಗ್ರಾಮಾಧಿಕಾರಿಯೂ ಹೌದೆಂದರು: “ಅಂಟಿಸಿ ಮೂರು ವಾರ ಆಯ್ತಲ್ಲ.”

ಮುನಿವೆಂಕಟಪ್ಪ ಮೊನ್ನೆ ಒರಗಿ ಕೂತಿದ್ದದ್ದು ಅದೇ ಗೋಡೆಗೆ. ನೋಟೀಸಿನ ಕೆಳತುದಿಯಲ್ಲಿ ಅವನ ತಲೆಯ ಎಣ್ಣೆಯ ಕಲೆ ಇನ್ನೂ ಇತ್ತು.

ಟೀ ಅಂಗಡಿಯಲ್ಲಿದ್ದ ಗುಂಡಣ್ಣನನ್ನು ಹೋಗಿ ಕೇಳಿದರೆ, ಅವನು ನಕ್ಕ. “ನಾನೇನ್ ಮುಚ್ಚಿಟ್ಟಿದ್ನಾ? ನೋಟೀಸು ನಿನ್ ತಲೆ ಮೇಲೇ ಇತ್ತು. ಕಾಗ್ದಾನೂ ಕೈಗೆ ಕೊಟ್ಟೆ. ನೀನೇ ಅಲ್ವೇನಣ್ಣ ಸರಿಯಾಗೈತೆ ಅಂದಿದ್ದು?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುನಿವೆಂಕಟಪ್ಪ ಕಾಗದವನ್ನು ಗುಂಡಣ್ಣನ ಮುಂದಿಟ್ಟ. ತಲೆ ತಗ್ಗಿಸಿ ನಡೆದ. ಸ್ವಲ್ಪ ದೂರ ಹೋದ ಮೇಲೆ ನಿಂತು ಹೆಂಡತಿಗೆ ಅಂದ:

“ನಂಗೆ ತಮಿಳು ಒಂದಕ್ಷರನೂ ಓದಾಕೆ ಬರಾಕಿಲ್ಲ ಕಣಮ್ಮಿ. ನಿನ್ ಹೊಲ ಹೋಗ್ಬುಡೋದು.”

“ಗೊತ್ತಿತ್ತು.”

“ಗೊತ್ತಿತ್ತಾ? ಯಾವಾಗ್ಲಿಂದ?”

“ಮದ್ವೆ ಆದಾಗ್ಲಿಂದ. ನೀವೇ ಯೋಳ್ತೀರ ಅಂತ ಇದ್ದೆ. ಹೊಲ ಮಾರೋದು ಬ್ಯಾಡ. ಬಾಡ್ಗೆ ಮನ್ಯಾಗಿದ್ಕಂಡು, ಎಲ್ಲಾ ಕೇಳಿ ತಿಳ್ಕಂಡು ಬ್ಯಾರೆ ನೋಡಾನ.”

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕಡೆ ಫ್ಯಾಕ್ಟರಿ ಬರುತ್ತಿವೆ, ರಸ್ತೆ ಬರುತ್ತಿವೆ. ಅವುಗಳ ಪಕ್ಕ ಮನೆ ಸಿಕ್ಕರೆ ಯಾರಿಗೆ ಬೇಡ? ಕೊಳ್ಳಿ. ಆದರೆ ಸರ್ವೆ ನಂಬರು ಹಿಡಿದುಕೊಂಡು ಕಚೇರಿಗೆ ಹೋಗಿ ಕೇಳಿ, ವಿಲ್ಲಂಗ ತೆಗೆಸಿ, ಆಮೇಲೆ ಮುಂಗಡ ಕೊಡಿ. ಕಾಗದದ ಅಕ್ಷರ ನಿಮಗೆ ಬಾರದಿದ್ದರೆ, ಬರುವವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಕೇಳಿದ ನಾಚಿಕೆ ಆ ಹೊತ್ತಿನದು. ಕೇಳದೆ ಹೋದರೆ ಮನೆಯೂ ಇಲ್ಲ, ಹೊಲವೂ ಇಲ್ಲ.

ಅಂದು ಸಂಜೆ, ಹೊಲದ ಪತ್ರ ನಿಲ್ಲಿಸಿರೆಂದು ರಾಯಕೋಟೆಗೆ ಹೋಗಿ ಹೇಳಿಬರಲು ಮುನಿವೆಂಕಟಪ್ಪ ಹೊಸೂರಿನ ಬಸ್ ಸ್ಟ್ಯಾಂಡಿಗೆ ಬಂದ. ಎರಡು ಬಸ್ಸು ಹೊರಡಲು ನಿಂತಿದ್ದವು. ಎಷ್ಟೋ ಹೊತ್ತು ಬೋರ್ಡುಗಳನ್ನೇ ನೋಡುತ್ತಾ ನಿಂತ. ಮೊದಲನೆಯದು ಹೊರಟೂ ಹೋಯಿತು. ಆಗ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಮುದುಕರೊಬ್ಬರ ಹತ್ತಿರ ಹೋಗಿ, ತನಗೆ ತಮಿಳು ಓದಲು ಬರುವುದಿಲ್ಲ, ಆ ಬೋರ್ಡು ಓದಿ ಹೇಳಿ ಎಂದು ತಮಿಳಿನಲ್ಲೇ ಕೇಳಿದ.