ಹನ್ನೊಂದು ದಿನ ಆರದ ಕಂಪ್ಯೂಟರು

ನಮ್ಮ ವಾಚನಾಲಯದ ಕಾರ್ಯದರ್ಶಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಬಲ್ಲವರು. ಅವರಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಆ ದಿನವೇ ಅದರ ತಪ್ಪುಗಳನ್ನು ಇವರು ತಿದ್ದಿರುತ್ತಾರೆ. ನಲ್ಲಿ ಸೋರಿದರೆ ರಿಪೇರಿಯವನಿಗಿಂತ ಮೊದಲು ಅವರ ಭಾಷಣ ಬರುತ್ತದೆ. ಹಾಗೆಂದು ಕೆಟ್ಟವರೇನಲ್ಲ. ಬೆಳಗಿನ ಪತ್ರಿಕೆಗಳನ್ನು ತಾವೇ ಹೊತ್ತು ತರುತ್ತಾರೆ. ಹಾಳೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲಿಡುತ್ತಾರೆ. ಓದುವವರ ಕೈ ಕೊಳೆಯಾಗಬಾರದೆಂದು ಆ ಕಲ್ಲುಗಳನ್ನು ವಾರಕ್ಕೊಮ್ಮೆ ತೊಳೆಯುವವರೂ ಅವರೇ.

ನಾನು ಅಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುತ್ತೇನೆ. ಗೋಂದು, ದಪ್ಪ ದಾರ, ಹಳೆಯ ರಟ್ಟು ನನ್ನ ಆಸ್ತಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಗುಡಿಸುವುದು, ಬೈಸಿಕೊಳ್ಳುವುದು ಎಲ್ಲವೂ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳ ಪಾಲು. ಎಲ್ಲರೂ ಅವಳನ್ನು ಕರೆಯುವುದು ತಂಗಿ ಎಂದೇ. ವರ್ಷ ವರ್ಷಕ್ಕೂ ಮುಂದುವರಿಸಬೇಕಾದ ಕೆಲಸ ಅವಳದು. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಹತ್ತನೆಯ ತರಗತಿಯ ಮಗಳು, ದುಡಿಯುವವಳು ಇವಳೊಬ್ಬಳೇ.

ಈ ಸಲ ಮೇಲಿನಿಂದ ಒಂದು ಕಾಗದ ಬಂತು. ಎರಡು ಸಾವಿರದ ನಾನೂರು ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಸೇರಿರಬೇಕು, ತಿಂಗಳ ಕೊನೆಗೆ ಅಧಿಕಾರಿ ಬಂದು ನೋಡುತ್ತಾರೆ, ಇಲ್ಲದಿದ್ದರೆ ಈ ವಾಚನಾಲಯವನ್ನು ದೊಡ್ಡ ಗ್ರಂಥಾಲಯದಲ್ಲಿ ವಿಲೀನ ಮಾಡಲಾಗುವುದು. ವಿಲೀನವಾದರೆ ಪುಸ್ತಕಗಳು ಹೋಗುತ್ತವೆ, ಕಪಾಟುಗಳು ಹೋಗುತ್ತವೆ, ಗೋಡೆಯ ಗಡಿಯಾರವೂ ಹೋಗುತ್ತದೆ. ತಂಗಿ ಹೋಗುವುದಿಲ್ಲ. ಹೋಗುವವುಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ; ಅವಳ ಕೆಲಸ ಅಲ್ಲಿಗೇ ಮುಗಿದಂತೆ.

ನಮ್ಮ ಕಂಪ್ಯೂಟರೋ, ದಮ್ಮು ಹಿಡಿದ ಮುದುಕ. ಬೆಳಿಗ್ಗೆ ಅದರ ಗುಂಡಿ ಒತ್ತಿ, ನೆಲ ಗುಡಿಸಿ, ಪತ್ರಿಕೆ ಹರಡಿ, ಚಹಾ ಕುಡಿದು ಲೋಟ ತೊಳೆದಿಟ್ಟರೆ ಆಗ ಪರದೆ ಕಣ್ಣು ಬಿಡುತ್ತಿತ್ತು. ಹತ್ತು ಪುಸ್ತಕ ಸೇರಿಸುವಷ್ಟರಲ್ಲಿ ಮತ್ತೆ ನಿದ್ದೆ.

ಅಷ್ಟರಲ್ಲಿ ಬಲ್ಲವರು ಎರಡು ದಿನದ ತರಬೇತಿಗೆ ಹೋಗಿ ಬಂದರು. ಜೇಬಿನಲ್ಲಿ ಒಂದು ಪೆನ್‌ಡ್ರೈವ್, ಕೈಯಲ್ಲಿ ಮಡಿಸಿದ ಒಂದು ಕರಪತ್ರ, ಬಾಯಲ್ಲಿ ಕಂಪ್ಯೂಟರು ನಡೆಸುವ ಹೊಸ ತಂತ್ರಾಂಶ ಲಿನಕ್ಸ್.

"ಇದು ಸ್ವತಂತ್ರ, ಅಕ್ಕಾವ್ರೇ. ಯಾರಪ್ಪನ ಆಸ್ತಿನೂ ಅಲ್ಲ. ಯಾರು ಬೇಕಾದ್ರೂ ಹಾಕ್ಕೋಬಹುದು, ಬದಲಾಯಿಸ್ಕೋಬಹುದು. ಏನೂ ಗೊತ್ತಿಲ್ಲದವರಿಗೇ ಅಂತ ಮಾಡಿರೋದು."

"ಹಾಗಾದ್ರೆ ನಾನು ಹಾಕ್ಲಾ ಸಾರ್?" ಎಂದಳು ತಂಗಿ.

"ನೀನು ಮುಟ್ಟಬೇಡ."

ಪೆನ್‌ಡ್ರೈವನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ, ಯಾವುದೋ ಗುಂಡಿಯನ್ನು ತಬಲಾ ಬಾರಿಸಿದಂತೆ ಬಾರಿಸಿದರು. ಎರಡು ನಿಮಿಷದಲ್ಲಿ ಹಸಿರು ಬಣ್ಣದ ಹೊಸ ಪರದೆ ಎದ್ದು ನಿಂತಿತು. ಪತ್ರಿಕೆ ಓದುತ್ತಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು.

"ಇಷ್ಟೇನಾ ಸಾರ್?" ಎಂದ ಪಕ್ಕದ ಕ್ಷೌರದಂಗಡಿಯವ. ಗಿರಾಕಿ ಇಲ್ಲದಾಗ ಅವನು ಇಲ್ಲೇ ಇರುತ್ತಾನೆ. ಪುಸ್ತಕ ಮುಟ್ಟುವ ಮುನ್ನ ಕೈ ತೊಳೆದು ಒರೆಸಿಕೊಳ್ಳುವವನು ಅವನೊಬ್ಬನೇ.

"ಗೊತ್ತಿದ್ದವರಿಗೆ ಇಷ್ಟೇ."

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಿತ್ರವಿತ್ತು; ಅದರ ಕೆಳಗೆ ಇಂಗ್ಲಿಷಿನಲ್ಲಿ ಲಿನಕ್ಸ್ ಇನ್‌ಸ್ಟಾಲ್ ಮಾಡಿ ಎಂದಿತ್ತು. ಮಾಡಿ ಆಗಿದೆ ಎಂದ ಮೇಲೆ ಮಾಡಿ ಎಂದು ಯಾಕೆ ಕೇಳುತ್ತಿದೆ ಎಂದು ನನಗೆ ಅನುಮಾನ ಬಂತು. ಕೇಳಿದೆ.

"ಅದು ಜಾಹೀರಾತು ಅಕ್ಕಾವ್ರೇ. ಪುಕ್ಕಟೆ ಕೊಟ್ಟ ಮೇಲೆ ಒಂದು ಜಾಹೀರಾತೂ ಬೇಡ್ವಾ ಪಾಪ? ನೀವು ಗೋಂದು ನೋಡ್ಕೊಳ್ಳಿ, ಒಣಗ್ತಿದೆ."

ಗೋಂದು ನಿಜವಾಗಿಯೂ ಒಣಗುತ್ತಿತ್ತು. ನಾನು ಅದರ ಕಡೆ ತಿರುಗಿದೆ. ಐವತ್ತು ವರ್ಷದಿಂದ ಪೆಟ್ಟಿಗೆಯ ತಳದಲ್ಲಿರುವ ನನ್ನ ಪದವಿ ಪತ್ರಕ್ಕೆ ಅವತ್ತೊಂದು ದಿನ ಕೆಲಸವಿತ್ತು, ನಾನೇ ಕೊಡಲಿಲ್ಲ.

ಬಲ್ಲವರು ಪೆನ್‌ಡ್ರೈವಿನ ಸುತ್ತ ಟೇಪು ಸುತ್ತಿ "ಕೀಳಬಾರದು" ಎಂದು ಚೀಟಿ ಅಂಟಿಸಿದರು.

"ಇದರ ಜೀವ ಇದರಲ್ಲಿದೆ."

"ರಾಕ್ಷಸನ ಜೀವ ಗಿಳಿಯಲ್ಲಿತ್ತಂತಲ್ಲ, ಹಾಗಾ ಸಾರ್?"

"ನಿನ್ನ ಕತ್ತರಿ ನೀನು ನೋಡ್ಕೊ."

ಇನ್ನೊಂದು ಕಟ್ಟಳೆಯೂ ಬಂತು. ದೊಡ್ಡ ದೊಡ್ಡ ಕಚೇರಿಗಳಲ್ಲಿ ಲಿನಕ್ಸ್ ವರ್ಷಗಟ್ಟಲೆ ಆರದೆ ಓಡುತ್ತದೆ ಎಂದು ತರಬೇತಿಯಲ್ಲಿ ಯಾರೋ ಹೇಳಿದ್ದರಂತೆ. ನಮ್ಮದೂ ಆರಕೂಡದು; ಕರೆಂಟು ಹೋದರೂ ಬ್ಯಾಟರಿಯ ಮೇಲೆ ಓಡುತ್ತಿರಬೇಕು. ಹೊಸ ಪುಸ್ತಕಗಳ ಹೆಸರು ಬರೆಯುವ ಕಪ್ಪುಹಲಗೆಯ ಮೇಲೆ ಬಲ್ಲವರು ದಿನವೂ ಬಂದ ಕೂಡಲೇ ಒಂದು ಅಂಕಿ ಬರೆಯತೊಡಗಿದರು: ಆರದೆ ಮೂರು ದಿನ. ಆರದೆ ಏಳು ದಿನ. ಪತ್ರಿಕೆ ಓದಲು ಬಂದವರು ಮೊದಲು ಅದನ್ನು ಓದಿ ಹುಬ್ಬೇರಿಸಬೇಕು. ಆಮೇಲೆ ಬೇರೆ ಸುದ್ದಿ.

ತಂಗಿಗೆ ಮಾತ್ರ ಹೊಸ ಪರದೆ ನಿಜವಾಗಿ ಹಿಡಿಸಿತು. ಒತ್ತಿದರೆ ಓಡುತ್ತದೆ, ಕನ್ನಡ ಬರೆದರೆ ಮುರಿಯದೆ ಮೂಡುತ್ತದೆ. ದಿನಕ್ಕೆ ನೂರೈವತ್ತು ಪುಸ್ತಕ ಸೇರಿಸಿದಳು. ಹತ್ತು ಪುಸ್ತಕಕ್ಕೊಮ್ಮೆ ತಪ್ಪದೆ ಸೇವ್ ಮಾಡುತ್ತಿದ್ದಳು. ಊಟಕ್ಕೆ ಎದ್ದಾಗ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುವಳು. "ಮುಗೀತದೆ ಅಮ್ಮಾ, ಈ ಸಲ ಮುಗೀತದೆ" ಎಂದು ನನಗೆ ಹೇಳುವಳೋ ಬೆರಳುಗಳಿಗೆ ಹೇಳುವಳೋ ತಿಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಪಟ್ಟಿ ಸಾವಿರದ ಆರುನೂರು ದಾಟಿತ್ತು. ಅಧಿಕಾರಿ ಬರಲು ಇನ್ನೂ ಏಳು ದಿನ. ಬಲ್ಲವರಿಗೆ ಅಭ್ಯಾಸ ಪ್ರದರ್ಶನ ಮಾಡುವ ಮನಸ್ಸಾಯಿತು. ಹನ್ನೊಂದು ದಿನ ಆರಿಲ್ಲ ಎನ್ನುವುದು ಒಂದು ಹೆಮ್ಮೆ. ಆರಿಸಿದರೆ ಎಷ್ಟು ಬೇಗ ಏಳುತ್ತದೆ ಎನ್ನುವುದು ಇನ್ನೊಂದು. ಎರಡು ಹೆಮ್ಮೆಗಳು ಒಂದೇ ತಲೆಯಲ್ಲಿ ಡಿಕ್ಕಿ ಹೊಡೆದಿದ್ದು ಆವತ್ತು.

"ಅಧಿಕಾರಿ ಎದುರು ಆಫ್ ಮಾಡಿ ಆನ್ ಮಾಡ್ತೀನಿ. ಎರಡೇ ನಿಮಿಷ. ಗಡಿಯಾರ ನೋಡ್ತಿರಿ ಎಲ್ಲರೂ."

"ಸಾರ್, ಆರಿಸಬಾರದು ಅಂತ ನೀವೇ—" ಎಂದಳು ತಂಗಿ.

"ನೀನು ಆರಿಸಬಾರದು."

ಆರಿಸಿದರು. ಕಪ್ಪಾದ ಪರದೆಯ ಮೇಲೆ ಒಂದು ಸಾಲು ಬಂತು: ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ. "ನೋಡಿ, ಎಷ್ಟು ವಿನಯವಾಗಿ ಕೇಳುತ್ತೆ" ಎನ್ನುತ್ತ ಬಲ್ಲವರು ತಮ್ಮ ಚೀಟಿಯನ್ನು ತಾವೇ ಹರಿದು, ಪೆನ್‌ಡ್ರೈವ್ ಕಿತ್ತು, ಎಂಟರ್ ಒತ್ತಿದರು. ಮತ್ತೆ ಗುಂಡಿ ಒತ್ತಿದರು. ಎರಡು ನಿಮಿಷ ಆಯಿತು. ಹತ್ತಾಯಿತು. ಇಪ್ಪತ್ತನೆಯ ನಿಮಿಷಕ್ಕೆ ಎದ್ದು ಬಂದದ್ದು ಹಳೆಯ ಪರದೆ. ಅದರ ತುಂಬ ಹಿಂದಿನ ಕಾರ್ಯದರ್ಶಿಯ ಫೋಟೋ; ಜಲಪಾತದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು. ಬಲ್ಲವರು ಚುನಾವಣೆಯಲ್ಲಿ ಮೂರು ಮತದಿಂದ ಸೋಲಿಸಿದ್ದ ಮನುಷ್ಯ.

"ಇವರು ಎಲ್ಲಿಂದ ಬಂದ್ರು?" ಎಂದರು ಬಲ್ಲವರು.

ತಂಗಿ ಮೌಸ್ ಹಿಡಿದು ಹುಡುಕಿದಳು. ಪಟ್ಟಿ ಇರಲಿಲ್ಲ. ಪೆನ್‌ಡ್ರೈವ್ ಮತ್ತೆ ಚುಚ್ಚಿದರು; ಹಸಿರು ಪರದೆ ಬಂತು, ಮೊದಲ ದಿನದಷ್ಟೇ ಹೊಸದಾಗಿ, ಮೊದಲ ದಿನದಷ್ಟೇ ಖಾಲಿಯಾಗಿ. ಅವಳ ಕೈ ಮೌಸಿನ ಮೇಲೆ ಹಾಗೆಯೇ ನಿಂತುಬಿಟ್ಟಿತು.

"ನೀನು ಏನೋ ಒತ್ತಿದೀಯ," ಎಂದರು ಬಲ್ಲವರು.

"ಸಾರ್, ಒತ್ತಿದ್ದು ನೀವಲ್ವಾ?" ಎಂದ ಕ್ಷೌರದವ. "ಎಂಟರು?"

ಆ ಕರಪತ್ರ ಎಲ್ಲಿ ಎಂದು ನಾನು ಕೇಳಿದೆ. ಮೇಜು ಅಲುಗಾಡದಂತೆ ಬಲ್ಲವರೇ ಅದನ್ನು ಎಂಟು ಮಡಿಕೆ ಮಾಡಿ ಕಾಲಿನ ಕೆಳಗೆ ತುರುಕಿದ್ದರು. ಎಳೆದು ಬಿಡಿಸಿ ಕನ್ನಡಕ ಹಾಕಿಕೊಂಡು ಓದಿದೆ. ಅರ್ಧ ಪುಟ, ಮೂರು ನಿಮಿಷದ ಓದು. ಪೆನ್‌ಡ್ರೈವಿನಿಂದ ನೇರವಾಗಿ ಓಡಿಸುವುದು ಪರೀಕ್ಷಿಸಿ ನೋಡಲು ಮಾತ್ರ. ಆರಿಸಿದರೆ ಮಾಡಿದ ಕೆಲಸ ಉಳಿಯುವುದಿಲ್ಲ. ಹಿಡಿಸಿದರೆ ಮೂಲೆಯ ಇನ್‌ಸ್ಟಾಲ್ ಚಿತ್ರವನ್ನು ಒತ್ತಿ ಎಂದು ದಪ್ಪಕ್ಷರದಲ್ಲಿತ್ತು.

"ಅಂಗಡೀಲಿ ಅಂಗಿ ತೊಟ್ಟು ನೋಡೋ ಹಾಗೆ ಅನ್ನಿ," ಎಂದ ಕ್ಷೌರದವ. "ಅಂದ್ರೆ ನಾವು ಹನ್ನೊಂದು ದಿನ ಆ ಪರದೆ ಹಿಂದೇನೇ ಸಂಸಾರ ಮಾಡಿದ್ವು."

ಯಾರೋ ನಕ್ಕರು. ತಂಗಿ ನಗಲಿಲ್ಲ. ಬಲ್ಲವರು ಒಂದು ಹಾಳೆ ತೆಗೆದು ಅಧಿಕಾರಿಗೆ ಬರೆಯಲು ಕೂತರು. ನಿರ್ವಹಣೆಯ ಲೋಪದಿಂದಾಗಿ ಎಂದು ಶುರು ಮಾಡಿದ್ದು ನನಗೇ ಕಾಣುತ್ತಿತ್ತು. ನಿರ್ವಹಣೆ ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತು. ಸ್ವಾತಂತ್ರ್ಯದ ಮಾತಾಡುವವರ ಕೈಗೆ ಲೇಖನಿ ಸಿಕ್ಕರೆ ಮೊದಲು ಕಟ್ಟುವುದು ಇನ್ನೊಬ್ಬರ ಕೈಯನ್ನೇ.

"ಬರೀರಿ ಸಾರ್," ಎಂದೆ. "ಎಂಟರ್ ಒತ್ತಿದ್ದು ಯಾರು ಅಂತಲೂ ಬರೀರಿ. ಕೆಳಗೆ ನಾನು ಸಹಿ ಹಾಕ್ತೀನಿ."

"ನಾನೂ ಹಾಕ್ತೀನಿ," ಎಂದ ಕ್ಷೌರದವ. "ನನ್ನ ಅಕ್ಷರ ದುಂಡಗಿದೆ."

ಬಲ್ಲವರ ಲೇಖನಿ ನಿಂತಿತು. ಹಾಳೆಯನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು.

ಆಗ ತಂಗಿ ಎದ್ದಳು. "ಸಾರ್, ಆ ಪೆನ್‌ಡ್ರೈವ್ ನನಗೆ ಬಿಡಿ." ದನಿ ಏರಿರಲಿಲ್ಲ. "ನಿಮ್ಮ ತಪ್ಪಿರಬಹುದು. ಇದರದ್ದೇನೂ ತಪ್ಪಿಲ್ಲ. ಅಮ್ಮಾ, ನೀವು ಓದ್ತಾ ಹೋಗಿ. ಒಂದು ಸಾಲೂ ಬಿಡಬೇಡಿ."

ಓದಿದೆ. ಹಳೆಯ ಪರದೆಯಲ್ಲಿದ್ದ ಸದಸ್ಯರ ವಿವರ ಕಳೆದುಹೋಗಬಾರದೆಂದು ಮೊದಲು ಅದನ್ನು ಬೇರೆಡೆ ಇಡಬೇಕಾಯಿತು. ಕ್ಷೌರದವ ತನ್ನ ಅಂಗಡಿಯ ಹಾಡಿನ ಪೆನ್‌ಡ್ರೈವ್ ತಂದು, ಅರ್ಧ ಹಾಡುಗಳನ್ನು ಅಳಿಸಿ ಜಾಗ ಮಾಡಿಕೊಟ್ಟ. "ಗಿರಾಕಿಗಳಿಗೆ ನನ್ನ ಮಾತೇ ಸಾಕು" ಎಂದ. ಆಮೇಲೆ ಮೂಲೆಯ ಚಿತ್ರವನ್ನು ತಂಗಿ ಒತ್ತಿದಳು. ಯಾವ ಭಾಷೆ ಎಂದು ಕೇಳಿತು. ಕನ್ನಡ. ಇಡೀ ಡಿಸ್ಕ್ ಅಳಿಸಲೇ ಎಂದು ಕೇಳಿತು. ಇಬ್ಬರೂ ಎರಡೆರಡು ಸಲ ಓದಿ, ಬೇಡ, ಹಳೆಯದರ ಪಕ್ಕದಲ್ಲೇ ಜಾಗ ಮಾಡಿಕೊ ಎಂದೆವು. ಕೊನೆಗೆ ನಿಮ್ಮ ಹೆಸರೇನು ಎಂದು ಕೇಳಿತು.

"ಕಾರ್ಯದರ್ಶಿ ಅಂತ ಹಾಕು," ಎಂದರು ಹಿಂದೆ ನಿಂತಿದ್ದ ಬಲ್ಲವರು.

ಅವಳು ತನ್ನ ಹೆಸರು ಹಾಕಿದಳು. ಪಾಸ್‌ವರ್ಡ್ ಹಾಕುವಾಗ ನಾನು ಮುಖ ತಿರುಗಿಸಿದೆ. ಬಲ್ಲವರು ತಿರುಗಿಸಲಿಲ್ಲ, ಆದರೆ ಪರದೆಯ ಮೇಲೆ ಮೂಡಿದ್ದು ಬರೀ ಚುಕ್ಕೆಗಳು.

ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅವಳು ಮೂರು ಸಲ ಆರಿಸಿದಳು, ಮೂರು ಸಲ ಹೊತ್ತಿಸಿದಳು, ಪೆನ್‌ಡ್ರೈವ್ ಹೊರಗಿಟ್ಟುಕೊಂಡೇ. ಮೂರು ಸಲವೂ ಹಸಿರು ಪರದೆ ಬಂತು. ನಾಲ್ಕನೆಯ ಸಲ ಆರಿಸದೆ, ಕೈ ಮಡಿಲಲ್ಲಿಟ್ಟುಕೊಂಡು ಒಂದು ಗಳಿಗೆ ನೋಡುತ್ತ ಕೂತಳು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ನಾನು ಒಂದು ಕಪಾಟಿನ ಹೆಸರುಗಳನ್ನು ಓದುತ್ತಿದ್ದೆ; ಗಂಟಲು ಕಟ್ಟಿದಾಗ ಕ್ಷೌರದವ ಓದುತ್ತಿದ್ದ, ಅರ್ಧ ಗಡ್ಡ ಹೆರೆದ ಗಿರಾಕಿಯೊಬ್ಬ ಸೋಪಿನ ನೊರೆಯೊಡನೆಯೇ ಬಂದು "ಎಷ್ಟೊತ್ತಪ್ಪಾ?" ಎಂದು ಕೇಳಿ, ಎರಡು ಸಾಲು ತಾನೂ ಓದಿ ಹೋದ. ದಿನಕ್ಕೆ ನಾನೂರು ಸೇರಿದವು. ಪ್ರತಿ ಸಂಜೆ ತಂಗಿ ಕಂಪ್ಯೂಟರನ್ನು ಆರಿಸಿಯೇ ಮನೆಗೆ ಹೋಗುತ್ತಿದ್ದಳು, ಬೆಳಿಗ್ಗೆ ಬಂದು ಚಪ್ಪಲಿ ಬಿಡುವ ಮೊದಲು ಹೊತ್ತಿಸಿ ನೋಡುತ್ತಿದ್ದಳು.

ಅಧಿಕಾರಿ ಬಂದರು. ದಣಿದ ಮುಖದ ಹೆಂಗಸು, ಭುಜದಲ್ಲಿ ಭಾರವಾದ ಚೀಲ. ಬಲ್ಲವರು ಅವರನ್ನು ಬಾಗಿಲಲ್ಲೇ ಹಿಡಿದು ಸ್ವತಂತ್ರ ತಂತ್ರಾಂಶದ ಇತಿಹಾಸ ಶುರು ಮಾಡಿದರು. ಮಾತಾಡುತ್ತಲೇ ಬಂದು, ತಂಗಿ ಕಪಾಟಿನ ಬಳಿ ನಿಂತಿದ್ದ ಸಮಯ ನೋಡಿ ಅವಳ ಕುರ್ಚಿಯಲ್ಲಿ ಕೂತರು.

"ಈಗ ನೋಡಿ ಮೇಡಂ."

ಪರದೆ ತಂಗಿಯ ಹೆಸರು ತೋರಿಸಿ ಪಾಸ್‌ವರ್ಡ್ ಕೇಳಿತು. ಬಲ್ಲವರು ಏನೋ ಹಾಕಿದರು. ತಪ್ಪು. ಇನ್ನೇನೋ ಹಾಕಿದರು. ತಪ್ಪು. ಕಿವಿ ಕೆಂಪಾಯಿತು.

"ಏನಮ್ಮಾ ಹಾಕಿದೀಯ ಇದಕ್ಕೆ?"

"ಏಳಿ ಸಾರ್," ಎಂದಳು ತಂಗಿ. "ನಾನು ಹಾಕ್ತೀನಿ."

ಒಂದು ಕ್ಷಣ ಅವರು ಏಳಲಿಲ್ಲ. ಆಮೇಲೆ ಎದ್ದರು.

ಅವಳು ಕೂತು ಪಟ್ಟಿ ತೆರೆದಳು. ಅಧಿಕಾರಿ ಐದಾರು ಹೆಸರು ಕೇಳಿದರು. ಕೇಳಿದ ಕೂಡಲೇ ಕಪಾಟಿನ ಸಂಖ್ಯೆ ಸಮೇತ ಸಿಕ್ಕವು. ಎಂಬತ್ತು ಪುಸ್ತಕ ಉಳಿದಿವೆ, ಎಲ್ಲವೂ ಅಮ್ಮನ ಮೇಜಿನ ಮೇಲೆ ಬೆನ್ನಿಲ್ಲದೆ ಮಲಗಿವೆ ಎಂದು ಅವಳೇ ಹೇಳಿದಳು.

"ಎದ್ದ ಮೇಲೆ ಸೇರಿಸಿ," ಎಂದರು ಅಧಿಕಾರಿ. ನಮೂನೆಯೊಂದನ್ನು ತೆಗೆದರು. "ಇದನ್ನ ಹಾಕಿದ್ದು ಯಾರು?"

ಬಲ್ಲವರು ಉಸಿರೆಳೆದುಕೊಂಡರು. ಕ್ಷೌರದವ ಗಟ್ಟಿಯಾಗಿ ಕೆಮ್ಮಿದ.

"ನಾನು," ಎಂದಳು ತಂಗಿ.

"ಮುಂದಿನ ವರ್ಷಕ್ಕೂ ನೀವೇ ಇರ್ತೀರಲ್ಲ? ನಿಮ್ಮ ಹೆಸರೇ ಬರೀತೀನಿ ಹಾಗಾದ್ರೆ."

ಬಲ್ಲವರು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡಿದರು. ಬಿಸಿಲು ಪರದೆಯ ಮೇಲೆ ಬಿದ್ದು ತಂಗಿ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಅವರು ಕಿಟಕಿಯ ಬಳಿ ಹೋಗಿ ಅದರ ಬಟ್ಟೆಯನ್ನು ಮೆಲ್ಲಗೆ ಎಳೆದು ಬಿಸಿಲು ಮರೆಮಾಡಿದರು. ನಾನು ಕಂಡಂತೆ, ಯಾರಿಗೂ ವಿವರಿಸದೆ ಅವರು ಮಾಡಿದ ಮೊದಲ ಕೆಲಸ ಅದು.