ಬಾಡಿಗೆ ಮನೆಯ ಹನ್ನೊಂದು ಕುಂದುಗಳು

ಭಾನುವಾರ ಬೆಳಿಗ್ಗೆ ಬಣ್ಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಆರು ಜನ ಸೇರುತ್ತೇವೆ. ಯಾವ ಮನೆ ಕೊಳ್ಳಬಹುದು, ಯಾವುದರ ಪತ್ರ ಸರಿಯಿಲ್ಲ, ಯಾವ ಸೈಟಿಗೆ ದಾರಿಯೇ ಇಲ್ಲ ಎಂದು ಒಬ್ಬರಿಗೊಬ್ಬರು ಸಲಹೆ ಕೊಡುವ ಕೂಟ. ನನ್ನನ್ನು ಅಲ್ಲಿಗೆ ಸೇರಿಸಿದವರು ಕೂಟದಲ್ಲಿ ಮೊದಲೇ ಇದ್ದ ಅಕ್ಕನ ಗಂಡ. "ಹೊಲಿದು ಕೂಡಿಟ್ಟಿದ್ದು ಬ್ಯಾಂಕಿನಲ್ಲಿ ಕೊಳೆಯೋದು ಬೇಡ. ಒಂದು ಕೋಣೆಯಾದರೂ ನಿನ್ನದು ಅಂತ ಆಗಲಿ" ಅಂದಿದ್ದರು. ಆ ಮಾತಿಗೆ ನನಗೆ ಕಣ್ಣು ತುಂಬಿ ಬಂದಿತ್ತು.

ನಾನಿರುವುದು ಬಾಡಿಗೆ ಮನೆ, ಒಂಬತ್ತು ವರ್ಷದಿಂದ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿದೆ. ಗಿರಾಕಿಗಳಿಗೆ ನನ್ನ ಹೆಸರು ಗೊತ್ತಿಲ್ಲದಿದ್ದರೂ ಈ ಬಾಗಿಲು ಗೊತ್ತು. ಇದನ್ನು ಬಿಟ್ಟರೆ ಹೊಟ್ಟೆಪಾಡಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮೂರು ತಿಂಗಳ ಹಿಂದೆ ಭಾವ ಬಂದರು. "ಈ ಮನೆಯನ್ನ ನಾನೇ ಕೊಂಡುಕೊಳ್ಳೋಣ ಅಂತಿದ್ದೀನಿ. ಓನರಮ್ಮ ಒಳ್ಳೆಯದನ್ನಷ್ಟೇ ಹೇಳ್ತಾರೆ. ಕುಂದೆಲ್ಲ ನಿನಗೆ ಗೊತ್ತು, ಒಂದು ಹಾಳೆಯಲ್ಲಿ ಬರೆದುಕೊಡು. ರಿಪೇರಿ ಮಾಡಿಸ್ತೀನಿ, ನೀನು ಆರಾಮಾಗಿರು."

ನಾಲ್ಕು ಬರೆದಿದ್ದರೆ ಸಾಕಿತ್ತು. ಆದರೆ ಅರೆಬರೆ ಕೆಲಸ ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ. ಸಂಜೆ ಕಾಲೇಜಿನಲ್ಲಿ ಓದುವಾಗಲೂ ಹಾಗೇ, ಗೊತ್ತಿರುವ ಉತ್ತರವನ್ನೇ ಮೂರು ಸಲ ತಿದ್ದುತ್ತಿದ್ದೆ. ಗೋಡೆಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿದೆ. ಸ್ಟೂಲು ಹತ್ತಿ ಬಚ್ಚಲ ಸೂರಿನ ತೇವ ಮುಟ್ಟಿದೆ. ಮೆಟ್ಟಿಲ ಕಂಬಿ ಅಲ್ಲಾಡುತ್ತದೆ, ಮಕ್ಕಳಿಗೆ ಅಪಾಯ ಎಂದು ಬರೆದೆ, ಮನೆಯಲ್ಲಿ ಮಕ್ಕಳೇ ಇಲ್ಲದಿದ್ದರೂ. ಹಿಂದಿನ ಗೋಡೆ ವಾಲಿದೆಯೋ ಇಲ್ಲವೋ ಖಾತ್ರಿಯಿರಲಿಲ್ಲ. ಮುಚ್ಚಿಟ್ಟ ಹಾಗಾಗಬಾರದೆಂದು ಅದನ್ನೂ ಸೇರಿಸಿದೆ. ಒಟ್ಟು ಹನ್ನೊಂದು. ಕೆಳಗೆ ತಾರೀಖು, ಪೂರ್ತಿ ಹೆಸರು, ಸಹಿ.

ಆ ಹಾಳೆ ತೋರಿಸಿ ಭಾವ ಓನರಮ್ಮನ ಹತ್ತಿರ ಬೆಲೆ ಇಳಿಸಿಕೊಂಡರು. ವ್ಯಾಪಾರ, ಇರಲಿ ಅಂದುಕೊಂಡೆ. ಕಳೆದ ವಾರ ನನಗೊಂದು ರಿಜಿಸ್ಟರ್ಡ್ ಪತ್ರ ಬಂತು. ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಬಾಡಿಗೆದಾರರೇ ಬರೆದುಕೊಟ್ಟಿರುವುದರಿಂದ ಒಂದು ತಿಂಗಳಲ್ಲಿ ಖಾಲಿ ಮಾಡತಕ್ಕದ್ದು. ಹೊಸ ಮಾಲೀಕರ ಜಾಗದಲ್ಲಿ ಭಾವನ ಸಹಿ. ಜೊತೆಗೆ ನನ್ನ ಅಕ್ಷರದ ಜೆರಾಕ್ಸ್.

ಭಾನುವಾರ ಕೂಟಕ್ಕೆ ಹೋದೆ. ಹೋಗದಿದ್ದರೆ ಸಿಟ್ಟಾಗಿದ್ದಾಳೆ ಅಂದುಕೊಂಡಾರು ಎಂಬ ಅಂಜಿಕೆ ಬೇರೆ. ನನ್ನ ಸರದಿ ಬಂದಾಗ ಕೇಳಿದೆ: "ಒಬ್ಬಳು ಬಾಡಿಗೆಯವಳಿದಾಳೆ. ಮನೆ ಕೈ ಬದಲಾಯ್ತು. ವಾಸಕ್ಕೆ ಯೋಗ್ಯವಲ್ಲ, ತಿಂಗಳಲ್ಲಿ ಬಿಡು ಅಂತಿದಾರೆ. ಏನು ಮಾಡಬೇಕು?"

ನಿವೃತ್ತ ಸರ್ವೇಯರ್ ತಾತ ತಕ್ಷಣ ಅಂದರು, "ಬಿಡಬಾರದು. ಯೋಗ್ಯ ಹೌದೋ ಅಲ್ಲವೋ ಅಂತ ಇಂಜಿನಿಯರ್ ಹೇಳಬೇಕು, ಕೊಂಡವನಲ್ಲ."

"ಕೊಂಡವನ ಹತ್ತಿರ ಆಧಾರ ಏನಿದೆಯಂತೆ?" ಅಂಗಡಿಯವರು ಕೇಳಿದರು.

"ಅವಳೇ ಬರೆದುಕೊಟ್ಟ ಹಾಳೆ."

ಅಂಗಡಿಯವರು ನಕ್ಕರು. "ಎಂಥ ಪೆದ್ದಿ ಇರಬೇಕು. ಯಾರಿಗೆ ಬರೆದುಕೊಟ್ಟಳಂತೆ?"

"ಭಾವನಿಗೆ."

ಎಲ್ಲರೂ ಭಾವನ ಕಡೆ ನೋಡಿದರು. ಭಾವ ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿದರು.

ತಾತ ಗಂಟಲು ಸರಿ ಮಾಡಿಕೊಂಡರು. "ನಾನು ಹೇಳಿದ್ದು ಸಾಮಾನ್ಯವಾಗಿ, ಹೊರಗಿನವರ ವಿಷಯಕ್ಕೆ. ಮನೆಯೊಳಗಿನ ವಿಷಯ ನೀವು ನೀವೇ ಮಾತಾಡ್ಕೊಳ್ಳಿ, ಅಮ್ಮ." ಅಂಗಡಿಯವರು ಮೂಲೆ ಸೈಟಿನ ಮಾತು ಎತ್ತಿದರು.

ಹೊರಗೆ ಬಂದಾಗ ಭಾವ ಅಂದರು, "ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ. ಕೆಡವಿ ಮೂರಂತಸ್ತು ಕಟ್ತೀನಿ. ಮುಗಿದ ಮೇಲೆ ಮೊದಲು ನಿನ್ನನ್ನೇ ಕೇಳ್ತೀನಿ."

"ಬಾಡಿಗೆಗಾ?"

"ಮತ್ತೆ, ಪುಕ್ಕಟೆನಾ?"

ಸಂಜೆ ಅಕ್ಕನ ಫೋನು. ಗಂಡನನ್ನು ಬೈಯುತ್ತಾಳೆ ಅಂದುಕೊಂಡು ಎತ್ತಿದೆ.

"ಅವರ ಮೇಲೆ ಮುನಿಸಿಕೊಳ್ಳಬೇಡ ಕಣೆ. ನಿನ್ನ ಕೈಲಿ ಬರೆಸ್ಕೊಳ್ಳಿ ಅಂದವಳು ನಾನು. ಅವಳು ಬರೆದರೆ ಒಂದೂ ಬಿಡಲ್ಲ, ಸಹೀನೂ ಹಾಕ್ತಾಳೆ ಅಂದೆ." ಮೆಚ್ಚುಗೆಯ ದನಿಯಲ್ಲೇ ಅಂದಳು. "ಯಾವತ್ತು ಖಾಲಿ ಮಾಡ್ತೀಯ?"

ಅಕ್ಕನಿಗೆ ನಾನು ಈವರೆಗೆ ಇಲ್ಲ ಅಂದವಳಲ್ಲ.

"ಮನೆ ಬೇಕು ಅಂತ ನೇರವಾಗಿ ಕೇಳಿದ್ದರೆ ಬಿಟ್ಟುಕೊಡ್ತಿದ್ದೆ ಅಕ್ಕ. ಈಗ ಬಿಡಲ್ಲ."

"ಹಾಗಾದರೆ ನಮ್ಮನೆ ಕಡೆ ಬರಬೇಡ."

"ಆಯ್ತು" ಅಂದೆ. ಅವಳು ಇಡುವ ತನಕ ಫೋನನ್ನು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದೆ.